ಹೆಸರರಿಯದ ಗುರುಗಳು



ಗುರುವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪೀಠಸ್ಥರಾದ ಯತಿವರ್ಯರ ಮೂರ್ತಿ. ಇಲ್ಲವೇ ಬೆತ್ತ ಹಿಡಿದು ಮಗ್ಗಿ ಹೇಳಿಸಿದ ಶಾಲೆಯ ಮಾಸ್ತರರ ಮುಖ. ಇವರಿಗೆ ಕೈಮುಗಿದು ಫಲತಾಂಬೂಲವೊಪ್ಪಿಸಿದರೆ ಋಣ ತೀರಿತೆಂದು ನಾವು ತಿಳಿಯುತ್ತೇವೆ.

ಶ್ರೀಮದ್ಭಾಗವತದ ಏಕಾದಶ ಸ್ಕಂಧದಲ್ಲಿ ಬರುವ ಅವಧೂತನ ಲೆಕ್ಕವೇ ಬೇರೆ. ಏನೊಂದೂ ಇಲ್ಲದೆ ನಿಶ್ಚಿಂತನಾಗಿ ತಿರುಗುತ್ತಿದ್ದ ಆತನನ್ನು ಕಂಡು ಯದುರಾಜನು, ಈ ಆನಂದಕ್ಕೆ ಕಾರಣವೇನೆಂದು ವಿನಯದಿಂದ ಕೇಳಿದನು. ಆಗ ಅವಧೂತನು ತನ್ನ 24 ಗುರುಗಳನ್ನು ಒಬ್ಬೊಬ್ಬರಾಗಿ ಎಣಿಸಿದನು. ಭೂಮಿ, ಗಾಳಿ, ಸಮುದ್ರ, ಜೇನುಹುಳು, ಪಾರಿವಾಳ, ಪಿಂಗಳೆಯೆಂಬ ವೇಶ್ಯೆ, ಕೈಬಳೆಯ ಸದ್ದಿಗೆ ನಾಚಿದ ಕನ್ಯೆ! ಇವರಲ್ಲಿ ಒಬ್ಬರಾದರೂ ಆತನನ್ನು ಶಿಷ್ಯನೆಂದು ಸ್ವೀಕರಿಸಿದವರಲ್ಲ.

ಚಂದ್ರನೂ ಆ ಗುರುಪಂಕ್ತಿಯಲ್ಲಿದ್ದಾನೆ. ವೃದ್ಧಿಕ್ಷಯಗಳು ಕಲೆಗಳಿಗಲ್ಲದೆ ಚಂದ್ರನಿಗಲ್ಲ. ಹುಟ್ಟುಸಾವುಗಳು ದೇಹಕ್ಕಲ್ಲದೆ ಆತ್ಮನಿಗಲ್ಲ. ಈ ಪಾಠಕ್ಕಾಗಿ ಕೆಪೆಯವರಾದ ನಾವು ದೂರ ಹೋಗಬೇಕಾಗಿಲ್ಲ. ಪಾರೋಡೆಯ ಪರ್ವತದ ಮೇಲೆ ಚಂದ್ರೇಶ್ವರನೇ ನೆಲೆಸಿರುವನು. ಹುಣ್ಣಿಮೆಯ ಬೆಳಕು ಸೋಕಿದಾಗ ಲಿಂಗದಲ್ಲಿ ನೀರೊಸರುವುದೆಂದು ಹಿರಿಯರ ನಂಬಿಕೆ.

ಆದರೆ ನನ್ನನ್ನು ಬಹುವಾಗಿ ಕಾಡಿದವನು ಬಾಣ ಮಾಡುವ ಶರಕಾರ. ರಾಜನ ಮೆರವಣಿಗೆಯು ಪಕ್ಕದಲ್ಲಿಯೇ ಹಾದುಹೋದರೂ ಅವನಿಗೆ ತಿಳಿಯಲಿಲ್ಲ. ಅವನ ದೃಷ್ಟಿಯೆಲ್ಲ ಬಾಣದ ಮೇಲೆ. ತನ್ನಿಂದ ಒಬ್ಬನು ಏಕಾಗ್ರತೆಯನ್ನು ಕಲಿತನೆಂಬುದೂ ಅವನಿಗೆ ತಿಳಿಯಲಿಲ್ಲ. ಅವಧೂತನು ಅವನಿಗೆ ದಕ್ಷಿಣೆ ಕೊಟ್ಟನೆಂದು ಭಾಗವತ ಹೇಳುವುದಿಲ್ಲ. ಕೊಟ್ಟದ್ದು ಒಂದೇ: ರಾಜನು ಕೇಳಿದಾಗ ಮರೆಮಾಚದೆ, ಇವನೂ ನನ್ನ ಗುರುವೆಂದು ಸ್ಮರಿಸಿದನು.

ನಮ್ಮ ತಾಲೂಕಿನ ಫಾತರ್ಪೆಯಲ್ಲಿ ಇಂಥ ಸ್ಮರಣೆಯೊಂದು ವರ್ಷವರ್ಷವೂ ನಡೆಯುತ್ತಿದೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಸಾಷ್ಟಿಯ ದೇವಾಲಯಗಳನ್ನು ಕೆಡವಿದ ಕಾಲದಲ್ಲಿ ಕುಂಕಳ್ಳಿಯ ಶಾಂತಾದುರ್ಗೆಯನ್ನು ಭಕ್ತರು ಅಲ್ಲಿಗೆ ತಂದು ಉಳಿಸಿಕೊಂಡರು. ಇಂದಿಗೂ ಹೋಳಿಯ ತರುವಾಯದ ಪಂಚಮಿಯಂದು ದೇವಿಯು ಪಲ್ಲಕ್ಕಿಯಲ್ಲಿ ತನ್ನ ಮೂಲಸ್ಥಾನಕ್ಕೆ ತೆರಳುವಳು. ಕುಂಕಳ್ಳಿಯ 12 ವಾಂಗಡಗಳ, ಅಂದರೆ ಮೂಲ ಮನೆತನಗಳ, ಗುರುತಾಗಿ 12 ಛತ್ರಗಳು ಗುಲಾಲಿನ ನಡುವೆ ಜೊತೆಗೆ ಸಾಗುವುವು. ಕಷ್ಟದ ಕಾಲದಲ್ಲಿ ಆಕೆಯನ್ನು ಹೊತ್ತು ತಂದ ಕೈಗಳು ಯಾರವು? ಆ ಹೆಸರುಗಳನ್ನು ನಾವು ಹೇಳಲಾರೆವು. ಛತ್ರಗಳನ್ನಂತೂ ಯಾರೂ ಕೆಳಗಿಳಿಸಿಲ್ಲ.

ಇನ್ನು ನನ್ನ ಮಾತು. ಹಾವೇರಿಯ ಕಡೆಯಿಂದ ರಸ್ತೆಯ ಕೆಲಸಕ್ಕೆ ಬಂದ ತಂದೆಯವರೊಡನೆ ನಾನು ಕೆಪೆಗೆ ಬಂದಾಗ ನನಗೆ ಒಂಬತ್ತು ವರ್ಷ. ಕೊಂಕಣಿಯ ಒಂದಕ್ಷರವೂ ತಿಳಿಯದು. ಜೊತೆಯ ಹುಡುಗರು ನಗುತ್ತಿದ್ದರು. ದೇವಾಲಯದ ಹೊರಜಗಲಿಯಲ್ಲಿ ಅಬ್ಬಲಿಗೆ ಕಟ್ಟುತ್ತಿದ್ದ ಮುದುಕಿಯೊಬ್ಬಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಾಳೆನಾರು ಸೀಳುವ ಕೆಲಸ ಕೊಟ್ಟಳು. "ಪಯ್ಲೆಂ ಆಯ್ಕ, ಮಾಗೀರ್ ಉಲಯ್" ಎನ್ನುವಳು. ಮೊದಲು ಕೇಳು, ಆಮೇಲೆ ಮಾತಾಡು. ಒಂದು ಮಳೆಗಾಲ ಕಳೆಯುವುದರೊಳಗೆ ಆ ಭಾಷೆ ನನ್ನ ನಾಲಗೆಗೆ ಬಂತು. ನನ್ನ ಅಂಗಡಿ, ನನ್ನ ನೆಂಟಸ್ತಿಕೆ, ಈ ಊರಿನ ಬದುಕೆಲ್ಲ ಆ ನಾಲಗೆಯ ಮೇಲೆಯೇ ನಿಂತಿವೆ.

ಅಂಗಡಿ ಬೆಳೆದಂತೆ ನಾನು ಆ ಜಗಲಿಯ ಮುಂದೆ ಅವಸರದಿಂದ ಹಾದುಹೋಗುವವನಾದೆ. ಆಕೆ ತಲೆಯೆತ್ತಿ ನಕ್ಕರೆ ನಾನು ಕತ್ತು ಹಾಕಿ ಮುಂದೆ ನಡೆಯುತ್ತಿದ್ದೆ. ಶರಕಾರನಿಗೆ ಅವಧೂತನು ಕಾಣಿಸಲಿಲ್ಲ. ನನ್ನನ್ನು ಆಕೆ ಪ್ರತಿದಿನವೂ ಕಂಡಿದ್ದಳು. ಒಂದು ದಿನ ಜಗಲಿ ಬರಿದಾಗಿತ್ತು. ವಿಚಾರಿಸಿದಾಗ, ತೀರಿಕೊಂಡು ಹದಿನೈದು ದಿನಗಳಾದುವೆಂದರು. ಆಕೆಯ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ. ಆಜಿ ಎಂದೇ ಕರೆದಿದ್ದೆ.

ಈ ಜೀರ್ಣೋದ್ಧಾರದಲ್ಲಿ ಆ ಹೊರಜಗಲಿಗೆ ಹೊಸ ಕಲ್ಲು ಹಾಸಿದ್ದಾರೆ. ಅದರ ವೆಚ್ಚವನ್ನು ನಾನು ಒಪ್ಪಿಸಿದಾಗ ಸಮಿತಿಯವರು ಶಿಲಾಫಲಕಕ್ಕೆ ಯಾವ ಹೆಸರು ಬರೆಯಬೇಕೆಂದು ಕೇಳಿದರು. "ಹೂವಿನ ಆಜಿ" ಎಂದು ಬರೆಸಿದ್ದೇನೆ.