ಒಂದು ಬೆಟ್ಟ, ಎರಡು ಆಕಾಶ

'ದೂರದ ಬೆಟ್ಟ ನುಣ್ಣಗೆ' ಎನ್ನುವಾಗ ತಪ್ಪೆಲ್ಲ ಬೆಟ್ಟದ್ದೇ ಎಂಬಂತೆ ಹೇಳುತ್ತೇವೆ. ಬೆಟ್ಟವೇನೋ ಇದ್ದಲ್ಲೇ ಇದೆ. ಬದಲಾಗುವುದು ನೋಡುವ ಕಣ್ಣು. ಹಾಗಾದರೆ ಯಾವ ನೋಟ ನಿಜ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ಹಳೆಯ ಕಪ್ಪುಬಿಳುಪು ಚಿತ್ರದ ಕಥೆ ಓದಿದ ಮೇಲೆ.

1927ರ ಏಪ್ರಿಲ್ 10ರಂದು ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ ಆನ್ಸೆಲ್ ಆಡಮ್ಸ್ ಎಂಬ ಇಪ್ಪತ್ತೈದರ ಯುವಕ ಕ್ಯಾಮೆರಾ, ಗಾಜಿನ ಪ್ಲೇಟುಗಳನ್ನು ಹೊತ್ತು ಬೆಟ್ಟ ಹತ್ತಿದ. ಮರುವರ್ಷ ಅವನ ಮಡದಿಯಾದ ವರ್ಜೀನಿಯಾ ಕೂಡ ಜೊತೆಗಿದ್ದಳು. ಹಾಫ್ ಡೋಮ್ ಎಂಬ ಬೃಹತ್ ಬಂಡೆಯ ಎದುರು ನಿಂತಾಗ ಉಳಿದಿದ್ದವು ಎರಡೇ ಪ್ಲೇಟು. ಒಂದನ್ನು ಹಳದಿ ಫಿಲ್ಟರ್ ಹಾಕಿ ತೆಗೆದ. ತೆಗೆದ ಮೇಲೆ, ಆ ಬಂಡೆ ತನ್ನೊಳಗೆ ಎಬ್ಬಿಸಿದ ಗಾಂಭೀರ್ಯ ಅದರಲ್ಲಿ ಮೂಡಲಾರದು ಅನ್ನಿಸಿತು. ಕೊನೆಯ ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿದ. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಲೋಕ ಮೆಚ್ಚಿದ್ದು ಈ ಎರಡನೆಯದನ್ನು.

ಹಗಲಿನ ಆಕಾಶ ಕಪ್ಪಗಿರುತ್ತದೆಯೇ? ಇಲ್ಲ. ಹಾಗೆಂದು ಅದು ಸುಳ್ಳೇ? ಫಿಲ್ಟರ್ ಹಾಕದಿದ್ದರೂ ಕಪ್ಪುಬಿಳುಪು ಫಿಲ್ಮು ನೀಲಿಯನ್ನು ನಮ್ಮ ಕಣ್ಣಿಗಿಂತ ಬೆಳ್ಳಗೆ ಕಾಣುತ್ತದೆ. ಬಣ್ಣವನ್ನಂತೂ ಬಿಟ್ಟೇ ಬಿಡುತ್ತದೆ. ಯಾವುದನ್ನೂ ಬಿಡದ ನೋಟ ಎಂಬುದೇ ಇಲ್ಲವೇನೋ.

ಕಳೆದ ಕಾರ್ತಿಕದಲ್ಲಿ, ಮಳೆ ತೊಳೆದ ಆಕಾಶದ ಕೆಳಗೆ, ನಾನೂ ಮುಳ್ಳಯ್ಯನಗಿರಿಯನ್ನು ಹಾಗೇ ತೆಗೆದೆ. ಸ್ಟ್ಯಾಂಡು ಕದಲಿಸದೆ ಒಮ್ಮೆ ಹಳದಿ, ಒಮ್ಮೆ ಕೆಂಪು. ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಫ್ರೇಮು ಹಾಕಿಸಿದೆ. ಎಡಗಡೆ ತಿಳಿಬೂದು ಆಕಾಶದಲ್ಲಿ ಮೆತ್ತಗೆ ಕೂತ ಗುಡ್ಡ. ಬಲಗಡೆ ಕಪ್ಪು ಆಕಾಶಕ್ಕೆ ಎದೆಯೊಡ್ಡಿದ ಗಿರಿ. ಬಂದವರೆಲ್ಲ "ಇದರಲ್ಲಿ ಯಾವುದು ಸರಿ?" ಎಂದು ಕೇಳುತ್ತಾರೆ.

ಇದೇ ಪ್ರಶ್ನೆಯನ್ನು ಮಗಳು ಇನ್ನೊಂದು ರೀತಿ ಕೇಳಿದಳು. "ಅಮ್ಮಾ, ಅಜ್ಜಿ ಹೇಗಿದ್ದರು?" ಅವಳು ಅಜ್ಜಿಯನ್ನು ಕಂಡವಳಲ್ಲ. ನಾನು ಹೇಳಿದ್ದೇ ಅವಳಿಗೆ ಅಜ್ಜಿ. ನಾನು ಕೆಲಸಕ್ಕೆ ಸೇರಕೂಡದೆಂದು ನನ್ನ ಅತ್ತೆ ಆರು ತಿಂಗಳು ಮಾತು ಬಿಟ್ಟಿದ್ದರು. ಮೊದಲ ದಿನ ಆರೂವರೆಯ ಬಸ್ಸಿಗೆ ಹೊರಟಾಗ, ಮಾತಾಡದೆಯೇ ನನ್ನ ಡಬ್ಬಿಗೆ ಅಕ್ಕಿರೊಟ್ಟಿ ಹಾಕಿಟ್ಟವರೂ ಅವರೇ. ಮೊದಲನೆಯದನ್ನಷ್ಟೇ ಹೇಳಿದರೆ ಅಜ್ಜಿ ಕಟುಕಿಯಾಗುತ್ತಾರೆ. ಎರಡನೆಯದನ್ನಷ್ಟೇ ಹೇಳಿದರೆ ದೇವತೆಯಾಗುತ್ತಾರೆ, ನನ್ನ ಆ ಆರು ತಿಂಗಳು ಅಳಿಸಿಹೋಗುತ್ತವೆ.

ಫಿಲ್ಟರ್ ಆಕಾಶವನ್ನು ಕಪ್ಪಾಗಿಸಬಲ್ಲದು, ಇಲ್ಲದ ಬಂಡೆಯನ್ನು ತಂದು ನಿಲ್ಲಿಸಲಾರದು. ಸತ್ತವರ ಬಗ್ಗೆ ಮಾತಾಡುವಾಗ ನಮಗಿರುವ ಸ್ವಾತಂತ್ರ್ಯವೂ ಅಷ್ಟೇ ಎಂದು ನನಗನಿಸುತ್ತದೆ. ನೋವಿನ ಬಣ್ಣವೋ ಪ್ರೀತಿಯ ಬಣ್ಣವೋ ಮಾತಿಗೆ ಅಂಟದೆ ಇರದು. ಆದರೆ ಒಂದು ಪ್ಲೇಟನ್ನು ಒಡೆದುಹಾಕಿ, ಉಳಿದದ್ದೇ ಪೂರ್ತಿ ಎನ್ನುವುದು ಅನ್ಯಾಯ.

ಮಗಳಿಗೆ ಎರಡನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ರೊಟ್ಟಿ ತಿಂದೆಯಾ ಅಮ್ಮಾ?" ಎಂದಳು. ತಿಂದಿದ್ದೆ.