ಒಳ್ಳೆಯ ಒಡೆಯನೂ ಒಡೆಯನೇ

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾಯಿತು. ತೆರಿಗೆಯ ಹೊರೆ ತಾಳಲಾರದೆ ಜನ ಹೀಗೆ ಮಾಡಿದರು ಎಂದು ಶಾಲೆಯಲ್ಲಿ ಓದಿದ ನೆನಪು ಹಲವರಿಗಿದೆ. ಲೆಕ್ಕ ತೆಗೆದು ನೋಡಿದರೆ ವಿಷಯ ಬೇರೆಯೇ ಇದೆ. ಆ ವರ್ಷ ಬ್ರಿಟಿಷ್ ಸಂಸತ್ತು ತಂದ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಚಹಾವನ್ನು ನೇರವಾಗಿ ಅಮೆರಿಕದ ವಸಾಹತುಗಳಿಗೆ ಸಾಗಿಸಲು ಅವಕಾಶ ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಕಟ್ಟಬೇಕಾಗಿದ್ದ ಸುಂಕದಿಂದ ವಿನಾಯಿತಿ ಸಿಕ್ಕಿದ್ದರಿಂದ ಕಳ್ಳಸಾಗಣೆಯ ಡಚ್ ಚಹಾಕ್ಕಿಂತ ಕಂಪನಿಯ ಚಹಾ ಅಗ್ಗವಾಗುವಂತಿತ್ತು. ವಸಾಹತುಗಳಲ್ಲಿ ಉಳಿದದ್ದು ಪೌಂಡಿಗೆ ಮೂರು ಪೆನ್ಸ್ ಸುಂಕ ಮಾತ್ರ. ಕೈಗೆಟಕುವ ಬೆಲೆಗೆ ಬಂದ ಚಹಾವನ್ನು ಜನ ಏಕೆ ನೀರಿಗೆ ಸುರಿದರು? ಉತ್ತರ ಏಳು ವರ್ಷ ಹಿಂದಿನ ಇನ್ನೊಂದು ಘಟನೆಯಲ್ಲಿದೆ. 1765ರ ಸ್ಟಾಂಪ್ ಕಾಯ್ದೆಗೆ ವಿರೋಧ ಬಂದಾಗ ಸಂಸತ್ತು 1766ರ ಮಾರ್ಚಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದರೆ ಅದೇ ದಿನ ಮತ್ತೊಂದು ಕಾಯ್ದೆ ಮಾಡಿ, ವಸಾಹತುಗಳ ಯಾವುದೇ ವಿಷಯದಲ್ಲಿ ಕಾನೂನು ಮಾಡುವ ಪೂರ್ಣ ಅಧಿಕಾರ ತನಗಿದೆ ಎಂದು ಸಾರಿತು. ತೆರಿಗೆ ಹೋಯಿತು, ಬೇಕೆಂದಾಗ ಹಾಕುವ ಅಧಿಕಾರ ಹಾಗೆಯೇ ಉಳಿಯಿತು. ಮೂರು ಪೆನ್ಸ್ ಕೊಟ್ಟರೆ ಆ ಅಧಿಕಾರವನ್ನು ಒಪ್ಪಿಕೊಂಡ ಹಾಗೆ ಎಂಬುದು ಅಲ್ಲಿನವರ ವಾದವಾಗಿತ್ತು.

ಸ್ವಾತಂತ್ರ್ಯವೆಂದರೇನು ಎಂಬ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ಎರಡು ಹಳೆಯ ಉತ್ತರಗಳಿವೆ. ಈ ಜಗಳದಲ್ಲಿ ಎರಡೂ ಎದುರುಬದುರಾಗಿ ನಿಂತಿವೆ. ಇಂಗ್ಲಿಷ್ ಚಿಂತಕ ಥಾಮಸ್ ಹಾಬ್ಸ್ 1651ರ ‘ಲೆವಿಯಾಥನ್’ ಗ್ರಂಥದಲ್ಲಿ ಹೇಳಿದ್ದು ಮೊದಲನೆಯದು: ನಾನು ಮಾಡಬೇಕೆಂದದ್ದಕ್ಕೆ ಹೊರಗಿನಿಂದ ಅಡ್ಡಿ ಬಾರದಿದ್ದರೆ ನಾನು ಸ್ವತಂತ್ರ. ಆಳುವವನು ದೊರೆಯೋ ಗಣರಾಜ್ಯವೋ ಎಂಬುದು ಇಲ್ಲಿ ಮುಖ್ಯವಲ್ಲ. ಇಟಲಿಯ ಲುಕ್ಕಾ ನಗರದ ಪ್ರಜೆಗೆ ಕಾನ್‌ಸ್ಟಾಂಟಿನೋಪಲಿನ ಪ್ರಜೆಗಿಂತ ಹೆಚ್ಚಿನ ಸ್ವಾತಂತ್ರ್ಯವೇನೂ ಇಲ್ಲ ಎಂದು ಹಾಬ್ಸ್ ವಾದಿಸಿದ. ಐದು ವರ್ಷಗಳ ನಂತರ ಇನ್ನೊಬ್ಬ ಇಂಗ್ಲಿಷ್ ಚಿಂತಕ ಜೇಮ್ಸ್ ಹ್ಯಾರಿಂಗ್ಟನ್ ಇದಕ್ಕೆ ಉತ್ತರ ಕೊಟ್ಟ: ಕಾನ್‌ಸ್ಟಾಂಟಿನೋಪಲಿನಲ್ಲಿ ಎಷ್ಟೇ ದೊಡ್ಡ ಪಾಷಾನಾದರೂ ಅವನ ತಲೆ ಅವನ ಭುಜದ ಮೇಲಿರುವುದು ಸುಲ್ತಾನನ ಮರ್ಜಿ ಇರುವತನಕ. ಹ್ಯಾರಿಂಗ್ಟನ್‌ನ ಬೆನ್ನಿಗೆ ರೋಮನ್ ಕಾನೂನಿನ ತಿಳಿವಳಿಕೆಯಿತ್ತು. ಅದರ ಪ್ರಕಾರ ಇನ್ನೊಬ್ಬನ ಅಧಿಕಾರದಲ್ಲಿ ಬದುಕುವವನು ದಾಸ; ಯಜಮಾನ ದಯಾಳುವಾಗಿದ್ದು ಒಂದು ದಿನವೂ ಕೋಲೆತ್ತದಿದ್ದರೂ ಅವನು ದಾಸನೇ. ನಮ್ಮ ಕಾಲದಲ್ಲಿ ಇತಿಹಾಸಕಾರ ಕ್ವೆಂಟಿನ್ ಸ್ಕಿನ್ನರ್ ಈ ಮರೆತ ಪರಂಪರೆಯ ಇತಿಹಾಸವನ್ನು ಹೊರತೆಗೆದರು. ತತ್ತ್ವಜ್ಞಾನಿ ಫಿಲಿಪ್ ಪೆಟಿಟ್ 1997ರ ತಮ್ಮ ‘ರಿಪಬ್ಲಿಕನಿಸಂ’ ಗ್ರಂಥದಲ್ಲಿ ಅದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಅಡ್ಡಿ ಇಲ್ಲದಿದ್ದರೆ ಸಾಲದು, ಅಡ್ಡಿಪಡಿಸುವ ಅಂಕೆಯಿಲ್ಲದ ಶಕ್ತಿಯೇ ಯಾರ ಕೈಯಲ್ಲೂ ಇರಬಾರದು ಎಂಬುದು ಅದರ ತಿರುಳು. ಇನ್ನೊಬ್ಬರ ಹಂಗಿನಲ್ಲಿ ಬದುಕದಿರುವುದೇ ಸ್ವಾತಂತ್ರ್ಯ ಎಂದು ಕನ್ನಡದಲ್ಲಿ ಹೇಳಬಹುದು. ಸಾಮ್ರಾಜ್ಯಗಳ ಇತಿಹಾಸವನ್ನು ಅರ್ಥಮಾಡಿಕೊಳ್ಳಲು ಈ ಎರಡನೆಯ ಉತ್ತರವೇ ಸರಿಯಾದ ದಾರಿ ಎಂಬುದು ನನ್ನ ವಾದ. ಮೊದಲನೆಯದನ್ನು ಹಿಡಿದರೆ ಸಾಮ್ರಾಜ್ಯದ ಕ್ರೌರ್ಯ ಮಾತ್ರ ಕಣ್ಣಿಗೆ ಬೀಳುತ್ತದೆ. ಅದು ಸೌಮ್ಯವಾಗಿದ್ದಾಗ ಏನು ತಪ್ಪಿತ್ತು ಎಂದು ಹೇಳಲು ಬಾಯಿ ಬರುವುದಿಲ್ಲ.

ಕೈಗಾರಿಕೆಯ ಕಥೆಯಲ್ಲಿ ಇದು ಎದ್ದು ಕಾಣುತ್ತದೆ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ, ಅಹಮದಾಬಾದುಗಳಲ್ಲಿ ಹತ್ತಿಯ ಗಿರಣಿಗಳು ಎದ್ದವು. ಅವುಗಳನ್ನು ಕಟ್ಟಲು ಯಾರೂ ಅಡ್ಡಿ ಮಾಡಲಿಲ್ಲ. ಯಂತ್ರಗಳು ಬಂದದ್ದೂ ಇಂಗ್ಲೆಂಡಿನಿಂದಲೇ. ಹಾಬ್ಸ್‌ನ ಅಳತೆಯಲ್ಲಿ ಗಿರಣಿ ಮಾಲೀಕ ಸ್ವತಂತ್ರ. ಆದರೆ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿ ಮಾಲೀಕರಿಗೆ ಬ್ರಿಟಿಷ್ ಸಂಸತ್ತಿನಲ್ಲಿ ಮತದ ಬಲವಿತ್ತು, ಮುಂಬಯಿಯವರಿಗೆ ಇರಲಿಲ್ಲ. 1879ರಲ್ಲಿ ವೈಸರಾಯ್ ಲಿಟ್ಟನ್ ತನ್ನದೇ ಮಂಡಳಿಯ ಬಹುಮತವನ್ನು ಬದಿಗೊತ್ತಿ ಇಂಗ್ಲೆಂಡಿನ ಒರಟು ಬಟ್ಟೆಯ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿದ. ಮುಂದೆ ಖಜಾನೆಗೆ ಹಣ ಸಾಲದೆ ಆಮದು ಸುಂಕವನ್ನು ಮತ್ತೆ ಹಾಕಲೇಬೇಕಾಯಿತು. ಆಗ ಲ್ಯಾಂಕಶೈರನ್ನು ಸಮಾಧಾನಪಡಿಸಲು ಕಂಡುಕೊಂಡ ಉಪಾಯ ನೋಡಿ: 1896ರಲ್ಲಿ ಆಮದು ಬಟ್ಟೆಗೆ ಶೇ 3.5 ಸುಂಕ, ಜೊತೆಗೆ ಭಾರತದ ಗಿರಣಿಗಳಲ್ಲಿ ನೇಯ್ದ ಬಟ್ಟೆಗೂ ಅಷ್ಟೇ ಶೇ 3.5 ಅಬಕಾರಿ ಸುಂಕ. ತನ್ನ ನಾಡಿನಲ್ಲಿ ತಯಾರಾಗಿ ತನ್ನ ನಾಡಿನಲ್ಲೇ ಮಾರಾಟವಾಗುವ ಬಟ್ಟೆಯ ಮೇಲೆ, ಹೊರಗಿನ ಪೈಪೋಟಿದಾರನಿಗೆ ನಷ್ಟವಾಗಬಾರದೆಂದು ತೆರಿಗೆ! ಶೇಕಡಾ ಮೂರೂವರೆ ದೊಡ್ಡ ಮೊತ್ತವಲ್ಲ, ಅದರಿಂದ ಗಿರಣಿಗಳೇನೂ ಮುಚ್ಚಿಹೋಗಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೂ ದಾದಾಭಾಯಿ ನವರೋಜಿಯವರ ತಲೆಮಾರಿನಿಂದ ಇಪ್ಪತ್ತರ ದಶಕದವರೆಗೆ ಇದು ದೊಡ್ಡ ಅನ್ಯಾಯದ ಗುರುತಾಗಿ ಉಳಿಯಿತು. ಯಾರದೋ ಲಾಭಕ್ಕಾಗಿ ನಮ್ಮ ಮಗ್ಗದ ಮೇಲೆ ಕೈಯಿಡಬಲ್ಲವರು ಇದ್ದಾರೆ, ಅವರನ್ನು ಕೇಳುವ ಹಕ್ಕು ನಮಗಿಲ್ಲ ಎಂಬುದನ್ನು ಆ ಸುಂಕ ಪ್ರತಿ ಥಾನಿನ ಮೇಲೂ ಬರೆದಿಟ್ಟಿತ್ತು. ಅದರ ವಸೂಲಿ ನಿಂತದ್ದು 1925ರ ಕೊನೆಗೆ.

ಮೈಸೂರು ಸಂಸ್ಥಾನದ ಉದಾಹರಣೆ ಇನ್ನೂ ಸೂಕ್ಷ್ಮವಾದದ್ದು. ಒಡೆಯರೊಂದಿಗಿನ 1799ರ ಒಪ್ಪಂದದಲ್ಲಿ, ಆಡಳಿತ ಕೆಟ್ಟಿದೆಯೆಂದು ಕಂಡರೆ ರಾಜ್ಯವನ್ನು ಕೈಗೆತ್ತಿಕೊಳ್ಳುವ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿ ತನಗೇ ಇಟ್ಟುಕೊಂಡಿತ್ತು. ಮೂರು ದಶಕ ಸುಮ್ಮನಿದ್ದ ಆ ಹಕ್ಕನ್ನು ನಗರ ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಬಳಸಿದ. ರಾಜ್ಯ ಒಡೆಯರಿಗೆ ಮರಳಲು ಐವತ್ತು ವರ್ಷ ಬೇಕಾಯಿತು. 1881ರಲ್ಲಿ ಮರಳಿದಾಗಲೂ ಉತ್ತರಾಧಿಕಾರಕ್ಕೆ ಗವರ್ನರ್ ಜನರಲ್ ಮನ್ನಣೆ ಬೇಕು, ಹಣಕಾಸು ಮತ್ತು ಆಡಳಿತದಲ್ಲಿ ಅವನ ಸಲಹೆಯಂತೆ ನಡೆಯಬೇಕು ಎಂಬ ಷರತ್ತುಗಳಿದ್ದವು. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ ಕಟ್ಟಿತು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿತು, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಹಾಕಿತು. ಮಾದರಿ ಸಂಸ್ಥಾನವೆಂದು ಬ್ರಿಟಿಷರೇ ಹೊಗಳಿದರು. ಇಂಥ ರಾಜ್ಯ 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಲು ಕೈಹಾಕಿದಾಗ, 1892ರ ನದಿನೀರಿನ ಒಡಂಬಡಿಕೆಯಂತೆ ಮದ್ರಾಸ್ ಪ್ರಾಂತ್ಯದ ಒಪ್ಪಿಗೆಗೆ ಕಾಯಬೇಕಾಯಿತು. ವಿಶ್ವೇಶ್ವರಯ್ಯನವರು ಮೊದಲ ಹಂತಕ್ಕಷ್ಟೇ ಅನುಮತಿ ಸಿಕ್ಕರೂ ಪೂರ್ಣ ಎತ್ತರಕ್ಕೆ ತಕ್ಕ ಅಗಲದಲ್ಲೇ ಅಡಿಪಾಯ ಹಾಕಿಸಿದರು. 1914ರ ಪಂಚಾಯ್ತಿ ತೀರ್ಪು ಮೈಸೂರಿನ ಪರವಾಗಿತ್ತು, ಭಾರತ ಸರ್ಕಾರ ಅದನ್ನು ಒಪ್ಪಿತು. ಮದ್ರಾಸು ಲಂಡನ್ನಿನ ಭಾರತ ಮಂತ್ರಿಯ ತನಕ ಮೇಲ್ಮನವಿ ಒಯ್ದದ್ದರಿಂದ ಮತ್ತೆ ಎಲ್ಲ ಸಡಿಲವಾಗಿ, ಒಪ್ಪಂದವಾದದ್ದು 1924ರಲ್ಲಿ. ಹೊಳೆಯ ಕೆಳಭಾಗದ ರೈತರಿಗೆ ನೀರಿನ ಹಕ್ಕಿರಲಿಲ್ಲವೆಂದು ನಾನು ಹೇಳುತ್ತಿಲ್ಲ, ಇತ್ತು, ಇದೆ. ಆದರೆ ವ್ಯಾಜ್ಯದಲ್ಲಿ ಒಂದು ಪಕ್ಷ ಬ್ರಿಟಿಷ್ ಸರ್ಕಾರದ್ದೇ ಪ್ರಾಂತ್ಯ, ಕೊನೆಯ ನ್ಯಾಯಾಧೀಶನೂ ಅದೇ ಸರ್ಕಾರ. ತೀರ್ಪು ನ್ಯಾಯವಾಗಿ ಬಂದರೂ ಅದು ಕೃಪೆಯಾಗಿಯೇ ಬರಬೇಕಿತ್ತು. 1926ರಲ್ಲಿ ವೈಸರಾಯ್ ರೀಡಿಂಗ್ ಹೈದರಾಬಾದಿನ ನಿಜಾಮನಿಗೆ ಬರೆದ ಪತ್ರ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿತು: ಯಾವ ದೇಶೀ ಅರಸನೂ ಬ್ರಿಟಿಷ್ ಸರ್ಕಾರದೊಂದಿಗೆ ಸರಿಸಮನಾಗಿ ಕೂತು ಮಾತಾಡುವಂತಿಲ್ಲ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದನ್ನು ತತ್ತ್ವಜ್ಞಾನಿ ಐಸೇಯಾ ಬರ್ಲಿನ್ ಅವರ 1958ರ ಆಕ್ಸ್‌ಫರ್ಡ್ ಉಪನ್ಯಾಸದಿಂದ ಎತ್ತಿಕೊಳ್ಳಬಹುದು. ವಸಾಹತಿನ ಜನ ತಮ್ಮವರೇ ಆಳಲಿ ಎಂದು ಬಯಸುವುದು ಮನ್ನಣೆಯ ಹಂಬಲ, ಸಮಾನರೆಂದು ಎಣಿಸಿಕೊಳ್ಳುವ ಆಸೆ. ಅದನ್ನು ಸ್ವಾತಂತ್ರ್ಯದೊಂದಿಗೆ ಬೆರೆಸಬಾರದು ಎಂದರು ಅವರು. ತಮ್ಮವರ ಆಳ್ವಿಕೆಯಲ್ಲಿ ಹೆಚ್ಚು ನಿರ್ಬಂಧಗಳಿರಲೂಬಹುದಲ್ಲವೇ? ಇರಬಹುದು, ಅನೇಕ ದೇಶಗಳಲ್ಲಿ ಹಾಗೆಯೇ ಆಗಿದೆ. ಮನ್ನಣೆಯ ಹಸಿವೂ ಸುಳ್ಳಲ್ಲ. ಆದರೆ ಅಬಕಾರಿ ಸುಂಕದಲ್ಲಿ, ಕನ್ನಂಬಾಡಿಯಲ್ಲಿ ನೊಂದದ್ದು ಮಾನ ಮಾತ್ರವಲ್ಲ. ನಾಳೆ ಏನಾದೀತೆಂದು ಮೇಲಿನವರ ಮುಖ ನೋಡಿ ಇಂದಿನ ಯೋಜನೆ ಹಾಕಬೇಕಾದ ಸ್ಥಿತಿ ಅದು. ಯಾರೂ ಬಾಯಿಬಿಟ್ಟು ಬೇಡವೆನ್ನದಿದ್ದರೂ ದಿವಾನನೊಬ್ಬ ಬರೆದ ಕಡತದ ಒಕ್ಕಣೆ ಬದಲಾಗುತ್ತದೆ, ಸಂಪಾದಕನೊಬ್ಬ ಬರೆದ ವಾಕ್ಯ ಮೊಂಡಾಗುತ್ತದೆ. ಅಡ್ಡಿಯನ್ನಷ್ಟೇ ಎಣಿಸುವ ಅಳತೆಗೋಲಿಗೆ ಈ ಬಗ್ಗುವಿಕೆ ಸಿಗುವುದೇ ಇಲ್ಲ. ರೈಲು, ನಾಲೆ, ಕಾಲೇಜು ಬಂದವಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಅವು ಬಂದವು, ನಮ್ಮ ತೆರಿಗೆಯ ಹಣದ ಭರವಸೆಯ ಮೇಲೆ ಬಂದವು. ಪ್ರಯೋಜನದ ಪಟ್ಟಿ ಎಷ್ಟು ಉದ್ದವಿದ್ದರೂ, ಅದನ್ನು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ನಿಜವಾಗಿ ಕಾಡುವ ಆಕ್ಷೇಪ ಬೇರೆಯದು. ಈ ತತ್ತ್ವವನ್ನು ಕಟ್ಟಿದ ರೋಮನ್ನರು ಗುಲಾಮರನ್ನು ಇಟ್ಟುಕೊಂಡಿದ್ದರು. ತೆರಿಗೆಯನ್ನು ದಾಸ್ಯವೆಂದು ಕರೆದ ಅಮೆರಿಕನ್ನರೂ ಇಟ್ಟುಕೊಂಡಿದ್ದರು. ಹಾಗಾದರೆ ಇದು ಯಜಮಾನರು ತಮಗಾಗಿ ಮಾಡಿಕೊಂಡ ಸಿದ್ಧಾಂತವಲ್ಲವೇ? ಉತ್ತರ ಕೊಟ್ಟವರು ಕೆರಿಬಿಯನ್ ದ್ವೀಪವೊಂದರ ಗುಲಾಮರು. ಫ್ರಾನ್ಸಿನ ಅತ್ಯಂತ ಶ್ರೀಮಂತ ವಸಾಹತಾಗಿದ್ದ ಸಾನ್ ದೊಮಾಂಗ್‌ನ ಸಕ್ಕರೆ, ಕಾಫಿ ತೋಟಗಳಲ್ಲಿ 1791ರ ಆಗಸ್ಟಿನಲ್ಲಿ ದಂಗೆ ಎದ್ದಿತು. 1794ರಲ್ಲಿ ಪ್ಯಾರಿಸ್ಸಿನ ಸಭೆ ಗುಲಾಮಗಿರಿಯನ್ನು ರದ್ದು ಮಾಡಿತು. ಆಗಿನಿಂದ ಅವರು ಕಾಗದದ ಮೇಲೆ ಫ್ರಾನ್ಸಿನ ಸ್ವತಂತ್ರ ಪ್ರಜೆಗಳು. ಆದರೆ 1802ರಲ್ಲಿ ನೆಪೋಲಿಯನ್ ವಸಾಹತುಗಳಲ್ಲಿ ಗುಲಾಮಗಿರಿಗೆ ಮತ್ತೆ ಕಾನೂನಿನ ಮುದ್ರೆ ಒತ್ತಿದ, ಪಕ್ಕದ ಗ್ವಾಡಲೂಪ್‌ನಲ್ಲಿ ಬಿಡುಗಡೆಯಾದವರನ್ನು ಮರಳಿ ನೊಗಕ್ಕೆ ಕಟ್ಟಲಾಯಿತು. ಕೊಟ್ಟವರ ಕೈಯಲ್ಲೇ ಕಿತ್ತುಕೊಳ್ಳುವ ಶಕ್ತಿ ಇರುವತನಕ ಬಿಡುಗಡೆ ಬಿಡುಗಡೆಯಲ್ಲ ಎಂಬುದು ಸಾನ್ ದೊಮಾಂಗ್‌ನವರಿಗೆ ಆ ವರ್ಷ ಸ್ಪಷ್ಟವಾಯಿತು. ಅವರ ನಾಯಕ ತೂಸಾಂ ಲೂವೆರ್ತೂರ್ ಫ್ರಾನ್ಸಿನ ಕೋಟೆಯೊಂದರಲ್ಲಿ ಸೆರೆಯಾಳಾಗಿ 1803ರಲ್ಲಿ ಸತ್ತ. 1804ರ ಜನವರಿ 1ರಂದು ಸಾನ್ ದೊಮಾಂಗ್ ಹೈಟಿ ಎಂಬ ಹೆಸರಿನಲ್ಲಿ ಸ್ವತಂತ್ರವಾಯಿತು. ಯಜಮಾನರ ಬಾಯಲ್ಲಿದ್ದ ತತ್ತ್ವವನ್ನು ಗುಲಾಮರು ಎಲ್ಲರಿಗೂ ಅನ್ವಯಿಸಿ ತೋರಿಸಿದರು. ಧ್ವಜವೊಂದೇ ಸಾಲದು ಎಂಬುದನ್ನೂ ಹೈಟಿಯೇ ಕಂಡಿತು. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್‌ನ ಯುದ್ಧನೌಕೆಗಳು ಬಂದರಿಗೆ ಬಂದು, ಮನ್ನಣೆ ಬೇಕಾದರೆ ತೋಟ ಕಳೆದುಕೊಂಡ ಮಾಲೀಕರಿಗೆ 15 ಕೋಟಿ ಫ್ರಾಂಕ್ ಪರಿಹಾರ ಕೊಡಿ ಎಂದವು. ಮೊದಲ ಕಂತಿಗೇ ಹೈಟಿ ಫ್ರೆಂಚ್ ಬ್ಯಾಂಕುಗಳಿಂದ ಸಾಲ ಮಾಡಿತು. ಮೊತ್ತವನ್ನು 1838ರಲ್ಲಿ ಇಳಿಸಿದರೂ ಸಾಲದ ಸರಪಳಿ ಇಪ್ಪತ್ತನೇ ಶತಮಾನದ ನಡುವಿನವರೆಗೂ ಎಳೆಯಿತು. ಯಾವ ದೇಶವೂ ಇನ್ನೊಂದರ ನೆರವಿಲ್ಲದೆ ಬದುಕದು, ನಿಜ. ಪರಸ್ಪರ ಹಿಡಿತವಿರುವ ಅವಲಂಬನೆ ಒಂದು, ಒಬ್ಬನ ಕೈಯಲ್ಲಿ ಮಾತ್ರ ಹಗ್ಗವಿರುವ ಅವಲಂಬನೆ ಇನ್ನೊಂದು. ಹೈಟಿಯದು ಎರಡನೆಯದು.

ಪರಕೀಯರ ವಿರುದ್ಧ ಹೂಡಿದ ಈ ವಾದ ನಮ್ಮವರ ವಿರುದ್ಧವೂ ನಿಲ್ಲಲೇಬೇಕು. ಇಲ್ಲದಿದ್ದರೆ ಅದು ಸ್ವಾತಂತ್ರ್ಯದ ವಾದವಲ್ಲ, ಯಜಮಾನನನ್ನು ಬದಲಿಸುವ ವಾದ. ಇಂಗ್ಲಿಷರು ಹೋಗಿ ಅವರ ಆಳ್ವಿಕೆಯ ರೀತಿ ಉಳಿದರೆ ಏನು ಸಾಧಿಸಿದಂತಾಯಿತು ಎಂದು ಗಾಂಧೀಜಿ 1909ರ ‘ಹಿಂದ್ ಸ್ವರಾಜ್’ನಲ್ಲೇ ಕೇಳಿದ್ದರು. ಮೈಸೂರಿನ ಜನ ಈ ಪ್ರಶ್ನೆಯನ್ನು ತಮ್ಮ ಅರಮನೆಯ ಮುಂದೆ ಇಟ್ಟರು. ಅವರ ಅರಸರು ಕ್ರೂರಿಗಳಾಗಿರಲಿಲ್ಲ. ಶಾಲೆ, ಆಸ್ಪತ್ರೆ, ಕಾರ್ಖಾನೆ ಕಟ್ಟಿದ ಮನೆತನ ಅದು, ದಿವಾನರು ಸಮರ್ಥರು. ಆದರೆ ದಿವಾನನನ್ನು ನೇಮಿಸುವ, ತೆಗೆಯುವ ಮಾತು ಜನರದಾಗಿರಲಿಲ್ಲ, ಪ್ರಜಾಪ್ರತಿನಿಧಿ ಸಭೆಯ ಸಲಹೆಯನ್ನು ಕೇಳಲೇಬೇಕೆಂಬ ಕಟ್ಟುಪಾಡೂ ಇರಲಿಲ್ಲ. 1938ರಲ್ಲಿ ಶಿವಪುರದಲ್ಲಿ ಕಾಂಗ್ರೆಸ್ ಧ್ವಜ ಹಾರಿಸಿದವರು, ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡೇಟಿಗೆ ಬಲಿಯಾದವರು ಈ ಕೊರತೆಯನ್ನು ಚೆನ್ನಾಗಿ ಅರಿತಿದ್ದರು. ಆದ್ದರಿಂದಲೇ 1947ರ ಆಗಸ್ಟ್ 15 ಕಳೆದ ಮೇಲೂ ಮೈಸೂರಿನ ಜನ ಮನೆಗೆ ಹೋಗಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹೂಡಿ ಜೈಲುಗಳನ್ನು ತುಂಬಿದರು. ಅಕ್ಟೋಬರ್ ತಿಂಗಳಲ್ಲಿ ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದರು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.