ಮೈಯೊಳಗಿನ ಸದ್ದಲೇ

ಶೇಂಗಾ ಕಿತ್ತ ಕೆಂಪು ಹೊಲಗಳ ಮೇಲೆ ಇಳಿಬಿಸಿಲು ಹರಡಿ, ಹುಣಸೆ ಮರಗಳ ನೆರಳು ಉದ್ದವಾಗುತ್ತ ಹೊಸಹಳ್ಳಿಯ ಓಣಿಗಳಿಗೆ ಇಳಿಯುವ ಹೊತ್ತಿಗೆ, ಯಾವುದೋ ಮನೆಯ ಪಡಸಾಲೆಯಲ್ಲಿ ಕೂಸಿನ ಹಣೆ ಮುಟ್ಟಿದ ಅವ್ವ "ಮೈ ಕಾದೈತಿ" ಎನ್ನುತ್ತಾಳೆ. ಆ ಕಾವು ಹೊರಗಿನಿಂದ ಬಂದದ್ದಲ್ಲ; ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳು ಒಂದನ್ನೊಂದು ಕೂಗಿ ಎಬ್ಬಿಸುವಾಗ ಏಳುವ ಕಾವು. ವೈರಸ್ ಹೊಕ್ಕ ಕೋಶವೊಂದು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು, ನೆರೆಯ ಕೋಶಗಳು ಎಚ್ಚೆತ್ತು ಅಣಿಯಾಗುವಂತೆ ಮಾಡುತ್ತದೆ. ಇಂಟರ್‌ಲ್ಯೂಕಿನ್-6 ರಕ್ತದಲ್ಲಿ ತೇಲಿ ಹೋಗಿ ಮೆದುಳಿಗೆ ಸುದ್ದಿ ಮುಟ್ಟಿಸಿ, ಮೈ ಬಿಸಿಯಾಗಲು ಕಾರಣವಾಗುತ್ತದೆ. ಸೈಟೊಕೈನ್‌ಗಳೆಂಬ ಈ ದೂತರ ಪಿಸುಮಾತಿನಲ್ಲೇ ನಮ್ಮ ಅರ್ಧ ಆಯುಷ್ಯ ಕಾಯಲ್ಪಡುತ್ತಿದೆ, ನಮಗೆ ಗೊತ್ತೇ ಆಗದ ಹಾಗೆ.

ಆದರೆ ಇದಕ್ಕಿಂತ ಬೆರಗಿನದು ಇನ್ನೊಂದಿದೆ. ಹೊರಗಿನ ವೈರಿಯನ್ನು ಹಿಡಿಯಲೆಂದು ಮೈ ಕಟ್ಟುವ ಪ್ರತಿಕಾಯಗಳ ನಡುವೆ, ತನ್ನದೇ ದೂತರ ಕೈ ಹಿಡಿದು ನಿಲ್ಲಿಸುವ ಪ್ರತಿಕಾಯಗಳೂ ಇವೆ. ಯಾವ ಲಸಿಕೆಯೂ ಕಲಿಸದೆ, ಯಾವ ಕಾಯಿಲೆಯ ನೆನಪೂ ಇಲ್ಲದೆ, ಆರೋಗ್ಯವಾಗಿ ಹೊಲಕ್ಕೆ ಹೋಗಿ ಬರುವವರ ರಕ್ತದಲ್ಲೂ ಅವು ಸದ್ದಿಲ್ಲದೆ ಹರಿಯುತ್ತಿರಬಹುದು.

ಹಡಗಲಿ ಸೀಮೆಯ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ನೆರೆದ ಲಕ್ಷಾಂತರ ಜನರ ಏಳುಕೋಟಿ ಘೋಷ, ಡಮರುಗದ ನಾದ, ಭಂಡಾರದ ಹಳದಿ ಧೂಳು, ಎತ್ತಿನ ಗಂಟೆ ಎಲ್ಲವೂ ಒಂದಾಗಿ ಮರಡಿಯೇ ಮೊಳಗುತ್ತಿರುವಾಗ, ಕಂಬಳಿ ಹೊದ್ದ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಎಂದು ಕೂಗುತ್ತಾನೆ. ಆ ಒಂದು ಕೂಗಿಗೆ ಜನಸಾಗರ ಉಸಿರು ಹಿಡಿಯುತ್ತದೆ, ಮೌನ ತುಂಬಿದ ಮೇಲೆಯೇ ಕಾರಣಿಕದ, ಅಂದರೆ ದೈವವಾಣಿಯ, ನುಡಿ ಹೊರಬೀಳುತ್ತದೆ. ನಮ್ಮ ಮೈಯ ಮರಡಿಯ ಮೇಲೂ ಅಂಥ ಗೊರವನೊಬ್ಬ ಇದ್ದಾನೇನೋ ಅನ್ನಿಸುತ್ತದೆ. ಕೂಗು ಕೂಗನ್ನು ಹುಟ್ಟಿಸಿ, ಉರಿ ಉರಿಯನ್ನು ಹಚ್ಚಿ, ಕಾಯಬೇಕಾದ ಕಾವೇ ಮನೆ ಸುಡದಂತೆ ಈ ಪ್ರತಿಕಾಯಗಳು ತಡೆಯುತ್ತಿರಬಹುದೆಂದು ಕೆಲವು ವಿಜ್ಞಾನಿಗಳು ಎಣಿಸುತ್ತಾರೆ.

ಆದರೆ ಮೌನವೂ ಅಳತೆ ಮೀರಬಲ್ಲದು. ಜಿಎಂ-ಸಿಎಸ್‌ಎಫ್ ಎಂಬ ದೂತನ ಮಾತನ್ನು ಕೇಳಿಯೇ ಶ್ವಾಸಕೋಶದ ಕಸಗುಡಿಸುವ ಕೋಶಗಳು ಗಾಳಿಚೀಲಗಳನ್ನು ನಿತ್ಯ ಹಸನು ಮಾಡುತ್ತವೆ. ಅದರ ಬಾಯಿ ಕಟ್ಟುವ ಪ್ರತಿಕಾಯಗಳು ಆರೋಗ್ಯವಂತರಲ್ಲೂ ಸ್ವಲ್ಪ ಇರುತ್ತವೆ. ಅವು ಹೆಚ್ಚಿದವರ ಎದೆಯೊಳಗೆ ಮಾತ್ರ ಗುಡಿಸುವವರಿಲ್ಲದೆ ಕೆನೆಯಂಥ ದ್ರವ ತುಂಬಿಕೊಳ್ಳುತ್ತ ಹೋಗುತ್ತದೆ, ವೈದ್ಯರು ಆ ಶ್ವಾಸಕೋಶವನ್ನು ಉಪ್ಪುನೀರಿನಿಂದ ತೊಳೆದರೆ ನೀರು ಹಾಲುಬಣ್ಣಕ್ಕೆ ತಿರುಗಿ ಹೊರಬರುತ್ತದೆ. ಈ ರೋಗದ ಬೇರಿನಲ್ಲಿ ಇಂಥ ಪ್ರತಿಕಾಯವಿದೆ ಎಂದು 1999ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

ಇಂಟರ್‌ಫೆರಾನನ್ನು ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಲಂಡನ್ನಿನಲ್ಲಿ ಕಂಡುಹಿಡಿದದ್ದು 1957ರಲ್ಲಿ. ಅದನ್ನೇ ತಡೆಯುವ ಪ್ರತಿಕಾಯ ಎಷ್ಟು ಆಳದಲ್ಲಿ ಅಡಗಿರಬಲ್ಲದೆಂದು ಜಗತ್ತಿಗೆ ತಿಳಿದದ್ದು ಮಾತ್ರ ಕೊರೊನಾ ಕಾಲದಲ್ಲಿ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಸಂತೆಗಳು ಬಿಕೋ ಎನ್ನುತ್ತಿದ್ದ 2020ರಲ್ಲೇ, ಪ್ರಾಣಕ್ಕೆ ಎರವಾಗುವಷ್ಟು ಕೋವಿಡ್ ನ್ಯುಮೋನಿಯಾ ಬಂದ 987 ಜನರ ರಕ್ತವನ್ನು ವಿಜ್ಞಾನಿಗಳು ನೋಡಿದರು; 101 ಜನರಲ್ಲಿ ಇಂಟರ್‌ಫೆರಾನಿನ ಬಾಯಿ ಕಟ್ಟುವ ಪ್ರತಿಕಾಯಗಳಿದ್ದವು. ಆ 101 ಜನರಲ್ಲಿ 95 ಮಂದಿ ಗಂಡಸರು. ಎಪ್ಪತ್ತು ದಾಟಿದವರಲ್ಲಿ ನೂರಕ್ಕೆ ಸುಮಾರು 4 ಮಂದಿಯಲ್ಲಿ ಇವು ಇರುತ್ತವೆಂದು ಮರುವರ್ಷದ ಅಧ್ಯಯನ ಹೇಳಿತು. ವೈರಸ್ ಬಾಗಿಲಿಗೆ ಬಂದು ನಿಂತಾಗ ಆ 101 ಜನರ ಮೈಯಲ್ಲಿ ಕೂಗು ಹುಟ್ಟಿತ್ತು. ನೆರೆಯವರಿಗೆ ಕೇಳಿಸುವ ಮೊದಲೇ ಅಡಗಿಹೋಗಿತ್ತು. ಅಷ್ಟು ವರ್ಷ ನಗುತ್ತ, ಉಳುತ್ತ, ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತೇರು ತೋರಿಸಿದ ಹಿರಿಯ ಜೀವವೊಂದರೊಳಗೆ ಯಾರಿಗೂ ಕಾಣದ ಇಂಥ ಮೌನವೊಂದು ಬೆಳೆಯುತ್ತಿರಬಹುದೆಂದು ನೆನೆದಾಗ, ಸಿಟ್ಟು ಬರುವುದಿಲ್ಲ, ಭಯವೂ ಅಲ್ಲ; ಕೈ ತಾನಾಗಿ ಎದೆಯ ಮೇಲೆ ಹೋಗುತ್ತದೆ.

ಕೂಗು ಮತ್ತು ಮೌನಗಳ ಈ ತಕ್ಕಡಿಯನ್ನು ಯಾವ ದೇವರು ಹಿಡಿದಿದ್ದಾನೆಂದು ಕೇಳಬೇಕೆನಿಸುವುದಿಲ್ಲ. ಕೂಗುವ ಕೋಶವೂ ಅದೇ ರಕ್ತದ್ದು, ಸುಮ್ಮನಾಗಿಸುವ ಪ್ರತಿಕಾಯವೂ ಅದೇ ರಕ್ತದ್ದು. ಎರಡೂ ಒಂದೇ ಅನ್ನ ಉಂಡು, ಒಂದೇ ಉಸಿರಿನಲ್ಲಿ ಬಾಳುತ್ತವೆ. ಜೋಳದ ರೊಟ್ಟಿ ತಿಂದು ಅಂಗಳದಲ್ಲಿ ಮಲಗಿ ನಕ್ಷತ್ರ ನೋಡುವವನ ಎದೆಯೊಳಗೆ ಈ ಮಾತು, ಈ ಮೌನ ರಾತ್ರಿಯಿಡೀ ಒಂದನ್ನೊಂದು ತೂಗುತ್ತಲೇ ಇರುತ್ತವೆ.

ರಕ್ತದಾನ ಮಾಡುವ ಕೈಗಳಿಗೆ ಒಂದು ಮಾತು ಹೇಳಬೇಕು. ಸಾವಿರಾರು ದಾನಿಗಳ ಪ್ಲಾಸ್ಮಾ ಕೂಡಿಸಿ ತಯಾರಿಸುವ ಇಮ್ಯುನೊಗ್ಲಾಬ್ಯುಲಿನ್ ಔಷಧದಲ್ಲಿ ಸೈಟೊಕೈನ್‌ಗಳನ್ನು ಹಿಡಿಯುವ ಈ ಪ್ರತಿಕಾಯಗಳು ಸಿಗುತ್ತವೆ. ಅಪರಿಚಿತ ರೋಗಿಗೆ ನೀವು ಕೊಡುವುದು ನಿಮ್ಮ ಮೈಯ ಬಲವನ್ನಷ್ಟೇ ಅಲ್ಲ, ಅದರ ಮೌನವನ್ನೂ.